ನಾನು ಅಳಿಸಿದ ಸಾಲು

ಅತ್ತಿಗೆ ಆ ಸಂಜೆ ಪ್ಲಗ್ ಕಿತ್ತದ್ದು ನಿಜ. ಅದನ್ನು ಅವರೇ ಎಲ್ಲರೆದುರು ಒಪ್ಪಿಕೊಂಡರು. ಆದರೆ ಕಂಪ್ಯೂಟರ್ ಕೆಟ್ಟದ್ದು ಅದರಿಂದಲ್ಲ ಎಂಬುದು ಇಡೀ ಲ್ಯಾಬಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತೆರಡು ದಿನ ನಾನು ಬಾಯಿ ಬಿಡಲಿಲ್ಲ.

ನಮ್ಮದು ಹಲ್ಲು ಮಾಡುವ ಲ್ಯಾಬು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಹೊಂದುವ ಹಲ್ಲು ಮಾಡಿ ಕಳಿಸುತ್ತೇವೆ. ಒಂದೇ ಉದ್ದನೆಯ ಕೋಣೆ. ಕಿಟಕಿಯ ಬದಿಗೆ ಮೇಣದ ಮೇಜು. ಅಲ್ಲಿ ಸಣ್ಣ ಸಣ್ಣ ಚಾಕು, ಮೇಣ ಕರಗಿಸುವ ಕರೆಂಟಿನ ಬಟ್ಟಲು. ಆ ಮೂಲೆಯಲ್ಲಿ ಹಲ್ಲು ಸುಡುವ ಕುಲುಮೆ. ಅದನ್ನು ನೋಡಿಕೊಳ್ಳುವವನಿಗೆ ನಾವೆಲ್ಲ ಪಿಂಗಾಣಿ ಎಂದೇ ಕರೆಯುತ್ತಿದ್ದದ್ದು. ಈ ಮೂಲೆಯಲ್ಲಿ ಗಾಜಿನ ಗೋಡೆಯ ಹಿಂದೆ ಯಜಮಾನರು. ನಡುವೆ ಒಂದು ಕಂಪ್ಯೂಟರ್. ಮೇಣದಲ್ಲಿ ಕೈಯಿಂದ ಕೊರೆಯುತ್ತಿದ್ದ ಹಲ್ಲನ್ನು ಪರದೆಯ ಮೇಲೆ ತಿರುಗಿಸಿ, ಉಜ್ಜಿ, ಗುಂಡಗೆ ಮಾಡುವುದು ಅದರಲ್ಲಿ. ನಾನು ಫೋನ್ ಎತ್ತುತ್ತೇನೆ, ಆರ್ಡರ್ ಬರೆದುಕೊಳ್ಳುತ್ತೇನೆ, ಜೊತೆಗೆ ಯಾರಿಗೂ ಬೇಡವಾದ ಕೆಲಸ ಒಂದಿತ್ತಲ್ಲ, ಕಂಪ್ಯೂಟರಿನ ಆರೈಕೆ, ಅದೂ ನನ್ನ ಪಾಲಿಗೆ ಬಂತು. ಪುಸ್ತಕ ನೋಡಿ, ಎಡವಿ, ಬೈಸಿಕೊಂಡು ಕಲಿತೆ. ಒಂಬತ್ತು ವರ್ಷವಾಯಿತು.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನನ್ನ ಮದುವೆ ಮುರಿದು ಎರಡು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದು ಹದಿನೇಳು ವರ್ಷ. ಎಷ್ಟು ದಿನ ಇರುತ್ತೀ ಎಂದು ಅತ್ತಿಗೆ ಒಂದು ದಿನವೂ ಕೇಳಿದವರಲ್ಲ. ಊಟಕ್ಕೆ ಕೂತರೆ ನಾನು ಸೌಟು ಮುಟ್ಟುವ ಹಾಗಿರಲಿಲ್ಲ. "ನೀನು ಕೂತ್ಕೋ, ದಣಿದು ಬಂದಿದೀಯ" ಎಂದು ಅವರೇ ಬಡಿಸುತ್ತಿದ್ದರು. ಅವರ ಮಗಳ ಓದು ಮುಗಿದ ಮೇಲೆ ನಾನೇ ಅವರನ್ನು ಲ್ಯಾಬಿಗೆ ಕರೆತಂದೆ. ಮೇಣದ ಮೇಜಿನಲ್ಲಿ ಆರು ವರ್ಷ ಕೂತರು. ಅವರು ಕೊರೆದ ದವಡೆಹಲ್ಲು ನೋಡಿದರೆ ಅದು ಯಾರದೋ ಬಾಯಲ್ಲಿ ಮೂವತ್ತು ವರ್ಷ ಅಗಿದು ಬಂದದ್ದೇನೋ ಅನ್ನಿಸಬೇಕು.

ಲೆಕ್ಕ ಬರೆಯುತ್ತಿದ್ದ ಹಳೆಯ ಕಂಪ್ಯೂಟರಿನ ಜಾಗಕ್ಕೆ ಹಲ್ಲು ಮಾಡುವ ಈ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರಲು ಯಾರೂ ಒಪ್ಪಲಿಲ್ಲ. ಅತ್ತಿಗೆಯಂತೂ ಮಾರು ದೂರ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿತ್ತು. "ಇವಳ ಕೈ ತಾಗಿದ್ರೆ ಸಾಕು, ಮೆಷಿನ್ನು ಪ್ರಾಣ ಬಿಡುತ್ತೆ" ಎನ್ನುವುದು ಅಣ್ಣನ ಮಾತು. ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅತ್ತಿಗೆ, ಗಡಿಯಾರ ನಿಂತರೆ ಅತ್ತಿಗೆ. ಎಲ್ಲಕ್ಕೂ ಮೊದಲನೆಯದು ಅಪ್ಪನ ರೇಡಿಯೋ. ಅತ್ತಿಗೆ ಮದುವೆಯಾಗಿ ಬಂದ ಮೊದಲ ತಿಂಗಳು ಅದು ಮೂಕವಾಯಿತು. ಹಿಂದಿನ ದಿನ ಅದರ ಧೂಳು ಒರೆಸಿದವರು ಅವರು. ಮನೆಗೆ ಬಂದವರಿಗೆಲ್ಲ ಅಣ್ಣ ಆ ಕಥೆ ಹೇಳಿ ನಗಿಸುತ್ತಿದ್ದ. ಆಗ ನನಗೆ ಹದಿನಾರು. ಅತ್ತಿಗೆ ಧೂಳು ಒರೆಸಿದ ಆ ದಿನವೇ ಮಧ್ಯಾಹ್ನ, ರೇಡಿಯೋ ಕೆಡುವ ಮೊದಲೇ, ಅಣ್ಣ ಹಿಂದಿನ ಕೋಣೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ರೇಡಿಯೋದ ಬೆನ್ನು ಬಿಚ್ಚಿ ಕೂತಿದ್ದನ್ನು ನಾನು ನೋಡಿದ್ದೆ. ನಾನೂ ಎಲ್ಲರ ಜೊತೆ ನಕ್ಕೆ.

ಅಂಥ ಅತ್ತಿಗೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಲು ನಾನು ಎರಡು ತಿಂಗಳು ಪಟ್ಟ ಪಾಡು ನನಗೇ ಗೊತ್ತು. "ಬಟನ್ ಒತ್ತಿದ ತಕ್ಷಣ ಇದರೊಳಗೆ ಏನಾಗುತ್ತೆ, ಅದನ್ನ ಹೇಳು ಮೊದಲು. ಒಳಗಿರೋದು ತಿಳೀದೆ ನಾನು ಮುಟ್ಟಲ್ಲ" ಎಂದು ಹಟ ಹಿಡಿದರು. ನಾನು ಹೇಳಿದೆ: "ಮೊದಲು ಏಳೋದು ಬೂಟ್ ಲೋಡರ್ ಅಂತ ಒಂದು ಚಿಕ್ಕ ಪ್ರೋಗ್ರಾಂ. ಮನೇಲಿ ಎಲ್ಲರಿಗಿಂತ ಮುಂಚೆ ನೀವು ಏಳ್ತೀರಲ್ಲ, ಹಾಗೆ. ಎದ್ದು ಒಂದು ಚೀಟಿ ಓದುತ್ತೆ. ಯಾರು ಯಾರನ್ನ ಎಬ್ಬಿಸಬೇಕು, ಅವರು ಯಾವ ಯಾವ ಕೋಣೇಲಿ ಮಲಗಿರ್ತಾರೆ ಅಂತ ಅದರಲ್ಲಿ ಬರೆದಿರುತ್ತೆ. ಪರದೆ ಮೇಲೆ ಚಿತ್ರ ಬಿಡಿಸೋನು ಗ್ರಾಫಿಕ್ಸ್ ಡ್ರೈವರ್. ಅವನನ್ನ ಎಬ್ಬಿಸಿದ್ರೇನೆ ನಿಮ್ಮ ಹಲ್ಲು ಕಾಣೋದು."

"ಎಬ್ಬಿಸೋಕೆ ಹೋದಾಗ ಅವನು ಆ ಕೋಣೇಲಿ ಇಲ್ದಿದ್ರೆ?"

"ಅವನನ್ನ ಬಿಟ್ಟು ಮಿಕ್ಕವರನ್ನ ಎಬ್ಬಿಸುತ್ತೆ. ಪರದೆ ಮೇಲೆ ಬರೀ ಅಕ್ಷರ, ಚಿತ್ರ ಇಲ್ಲ."

"ನಿಮ್ಮಣ್ಣನಿಗಿಂತ ವಾಸಿ. ಒಬ್ಬರು ಸಿಗಲಿಲ್ಲ ಅಂತ ಇಡೀ ಮನೆ ತಲೆ ಮೇಲೆ ಹೊತ್ತುಕೊಳ್ಳಲ್ಲ" ಎಂದು ನಕ್ಕು ಕುರ್ಚಿ ಎಳೆದುಕೊಂಡರು. ಆಮೇಲೆ ಎದ್ದವರಲ್ಲ. ಒಂದು ವರ್ಷದಲ್ಲಿ ಡಾಕ್ಟರುಗಳು ಫೋನಿನಲ್ಲಿ "ಆ ಮೇಡಂ ಹತ್ರಾನೇ ಮಾಡಿಸಿ" ಎಂದು ಕೇಳುವಂತಾಯಿತು. ಮನೆಯಲ್ಲಿ ಅಣ್ಣ ಏನಾದರೂ ಅಂದರೆ ಅತ್ತಿಗೆ ಮೊದಲಿನಂತೆ ತಲೆ ತಗ್ಗಿಸುತ್ತಿರಲಿಲ್ಲ, ತುಟಿಯಂಚಿನಲ್ಲೇ ನಗುತ್ತಿದ್ದರು. ಆ ನಗು ನನಗೆ ತುಂಬ ಇಷ್ಟವಾಗಿತ್ತು. ಅದರಲ್ಲಿ ನನ್ನದೂ ಒಂದು ಪಾಲಿದೆ ಎಂಬ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಒಂದು ಮಂಗಳವಾರ ಅಚ್ಚಿನ ಫೋಟೋ ತೆಗೆಯುವ ಹೊಸ ಸ್ಕ್ಯಾನರ್ ಬಂತು. ಅದರ ಡ್ರೈವರನ್ನು ಒಂದು ಹೊಸ ಫೋಲ್ಡರಿನಲ್ಲಿ ಇಟ್ಟೆ. ಬೂಟ್ ಲೋಡರಿನ ಚೀಟಿಯಲ್ಲಿ, ಎಲ್ಲಿ ಎಲ್ಲಿ ಹುಡುಕಬೇಕು ಎಂಬ ಸಾಲಿಗೆ ಆ ಫೋಲ್ಡರಿನ ವಿಳಾಸ ಸೇರಿಸಬೇಕಿತ್ತು. ಸಾಲಿನಲ್ಲಿ ಹಳೆಯ ವಿಳಾಸ ಆಗಲೇ ಇತ್ತು. ಅದರ ಮುಂದೆ ಸೆಮಿಕೋಲನ್ ಹಾಕಿ ಹೊಸದನ್ನು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಹಳೆಯದನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಬರೆದೆ. ಹಳೆಯ ಕೋಣೆ ಅದಕ್ಕೆ ಗೊತ್ತಿರುವುದೇ, ಹೇಳದಿದ್ದರೂ ಹೋಗಿ ನೋಡುತ್ತದೆ ಎಂದುಕೊಂಡೆ. ಒಂಬತ್ತು ವರ್ಷ ಕೆಲಸ ಮಾಡಿದ ಸೊಕ್ಕು ಅದು. ಗ್ರಾಫಿಕ್ಸ್ ಡ್ರೈವರ್ ಮಲಗಿದ್ದದ್ದು ಆ ಹಳೆಯ ಕೋಣೆಯಲ್ಲೇ.

ಬದಲಾವಣೆ ಮಾಡಿದ ಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ ನೋಡಬೇಕು. ಇದು ನಾನೇ ಮಾಡಿದ ನಿಯಮ. ಅವತ್ತು ಅತ್ತಿಗೆ ಒಂದು ಹಲ್ಲಿನ ಮಧ್ಯದಲ್ಲಿದ್ದರು, ನನಗೂ ಮನೆಗೆ ಹೊರಡುವ ಹೊತ್ತು. ಸ್ಕ್ಯಾನರಿನ ಡ್ರೈವರನ್ನು ಕೈಯಿಂದಲೇ ಎಬ್ಬಿಸಿದೆ, ಕೆಲಸ ಮಾಡಿತು. ನಾಳೆ ನೋಡಿದರಾಯಿತು ಎಂದು ಬಿಟ್ಟೆ. ನಮ್ಮಲ್ಲಿ ಆ ಕಂಪ್ಯೂಟರನ್ನು ಆರಿಸುವ ಪದ್ಧತಿಯೇ ಇಲ್ಲ. ಬೆಳಿಗ್ಗೆ ಕಾಯಬೇಕಾಗುತ್ತದೆಂದು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಹೀಗಾಗಿ ಬುಧವಾರ, ಗುರುವಾರ ಏನೂ ಗೊತ್ತಾಗಲಿಲ್ಲ. ಎದ್ದು ಕೂತವನನ್ನು ಮತ್ತೆ ಎಬ್ಬಿಸುವ ಪ್ರಶ್ನೆ ಇರಲಿಲ್ಲವಲ್ಲ. ನನ್ನ ತಪ್ಪು ಆ ಚೀಟಿಯಲ್ಲಿ ತೆಪ್ಪಗೆ ಕಾಯುತ್ತಿತ್ತು. ಯಾರು ಮೊದಲು ಆರಿಸುತ್ತಾರೋ ಅವರ ತಲೆಗೆ.

ಗುರುವಾರ ಸಂಜೆ ಕೊನೆಗೆ ಹೊರಟವರು ಅತ್ತಿಗೆ. ಮೇಣದ ಬಟ್ಟಲಿನ ವೈರು ಸುಟ್ಟ ವಾಸನೆ ಹೊಡೆಯುತ್ತಿತ್ತಂತೆ. ಅದೂ ಕಂಪ್ಯೂಟರೂ ಒಂದೇ ಪ್ಲಗ್ಗಿನ ಹಲಗೆಯಲ್ಲಿ. ಅತ್ತಿಗೆ ಹೆದರಿ ಹಲಗೆಯ ಪ್ಲಗ್ಗನ್ನೇ ಗೋಡೆಯಿಂದ ಕಿತ್ತರು. ಸರಿಯಾದದ್ದನ್ನೇ ಮಾಡಿದರು.

ಶುಕ್ರವಾರ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು, ಕೊನೆಯಲ್ಲಿ ಮಿನುಗುವ ಒಂದು ಗೀಟು. ಹಲ್ಲಿಲ್ಲ, ಚಿತ್ರವಿಲ್ಲ. ಅವತ್ತು ಮಧ್ಯಾಹ್ನಕ್ಕೆ ಒಬ್ಬ ಟೀಚರಮ್ಮನ ಮುಂದಿನ ಎರಡು ಹಲ್ಲು ಹೋಗಬೇಕಿತ್ತು. ಯಜಮಾನರು ಗಾಜಿನ ಕೋಣೆಯಿಂದ ಹೊರಗೆ ಬಂದರು.

"ನಿನ್ನೆ ಕೊನೇಲಿ ಯಾರಿದ್ರು?"

"ನಾನು" ಎಂದರು ಅತ್ತಿಗೆ. "ಪ್ಲಗ್ ಕಿತ್ತೆ. ಸುಟ್ಟ ವಾಸನೆ ಬಂತು..."

"ಓಡ್ತಿರೋ ಕಂಪ್ಯೂಟರಿನ ಪ್ಲಗ್ ಕೀಳ್ತಾರೇನಮ್ಮಾ? ಒಂದು ಫೋನ್ ಮಾಡೋಕೆ ಆಗ್ತಿರಲಿಲ್ವಾ?"

ಅತ್ತಿಗೆಯ ಮುಖದ ಬಣ್ಣ ಇಳಿಯಿತು. ಅದು ಅಣ್ಣ ನಗುವಾಗ ಮನೆಯಲ್ಲಿ ಅವರಿಗಿರುತ್ತಿದ್ದ ಮುಖ. ಎರಡು ವರ್ಷದಿಂದ ನಾನು ಅದನ್ನು ನೋಡಿರಲಿಲ್ಲ.

ನಾನು ಕೂತು ಚೀಟಿಯನ್ನು ತೆರೆದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಆ ಸಾಲು ಕಣ್ಣಿಗೆ ಹೊಡೆಯಿತು. ಅದರ ಮೇಲೆ ನನ್ನದೇ ಟಿಪ್ಪಣಿ. ಏನೇ ಬದಲಾಯಿಸಲಿ, ಮೇಲೆ ಒಂದು ಸಾಲಿನಲ್ಲಿ ತಾರೀಕು, ಏನು ಮಾಡಿದೆ, ಏಕೆ ಮಾಡಿದೆ ಎಂದು ಬರೆಯುವುದು ನನ್ನ ರೂಢಿ; ಯಂತ್ರ ಅದನ್ನು ಓದುವುದಿಲ್ಲ, ಅದು ಮನುಷ್ಯರಿಗೆ. ಮಂಗಳವಾರದ ತಾರೀಕು ಹಾಕಿ "ಹಳೆಯ ವಿಳಾಸ ತೆಗೆದು ಹೊಸದು ಹಾಕಿದೆ" ಎಂದು ಬರೆದಿದ್ದೆ. ನನ್ನ ಬೆನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಅವರಲ್ಲಿ ಯಾರಿಗೂ ಆ ಪರದೆ ಓದಲು ಬರುತ್ತಿರಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟದ್ದು.

ಸಾಲನ್ನು ಸರಿ ಮಾಡಿದೆ. ಆಮೇಲೆ ಟಿಪ್ಪಣಿಯನ್ನು ಅಳಿಸಿದೆ. ಒಂಬತ್ತು ವರ್ಷದಲ್ಲಿ ನಾನು ಅಳಿಸಿದ ಟಿಪ್ಪಣಿ ಅದೊಂದೇ.

ಪರದೆಯ ಮೇಲೆ ಹಲ್ಲು ಬಂತು. "ಏನಾಗಿತ್ತು?" ಎಂದರು ಯಜಮಾನರು. "ಸರಿಯಾಯ್ತು ಸಾರ್" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಅತ್ತಿಗೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ದೊಡ್ಡವಳ ಹಾಗೆ, "ಇನ್ಮೇಲೆ ಸ್ವಲ್ಪ ಹುಷಾರಾಗಿರಿ ಅತ್ತಿಗೆ" ಎಂದೆ.

ಏಕೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಂಪ್ಯೂಟರ್ ಬಿಟ್ಟರೆ ನನಗೆ ಬೇರೆ ಏನಿತ್ತು? ಮದುವೆ ಉಳಿಸಿಕೊಳ್ಳಲಾಗದವಳು, ಅಣ್ಣನ ಮನೆಯ ಮೇಲಿನ ಕೋಣೆಯವಳು. ಆದರೆ ಲ್ಯಾಬಿನಲ್ಲಿ ಎಂದೂ ತಪ್ಪದವಳು. ಆ ಒಂದು ಹೆಸರಿಗಾಗಿ ಅಂದೆ. ಅರ್ಥವಾಯಿತು ಎಂದ ಮಾತ್ರಕ್ಕೆ ನೆತ್ತಿಯ ಮೇಲಿನ ಭಾರ ಇಳಿಯಲಿಲ್ಲ.

ಸಂಜೆ ಮನೆಯಲ್ಲಿ ಅತ್ತಿಗೆಯೇ ವಿಷಯ ಹೇಳಿದರು. ಅಣ್ಣ ತೊಡೆ ತಟ್ಟಿಕೊಂಡು ನಕ್ಕ. "ನಾನು ಹೇಳಿರಲಿಲ್ವೇನೇ? ರೇಡಿಯೋದಿಂದ ಶುರುವಾದದ್ದು ಕಂಪ್ಯೂಟರಿಗೆ ಬಂತು ನೋಡು!" ಅತ್ತಿಗೆ ನನ್ನ ತಟ್ಟೆಗೆ ಬಡಿಸುತ್ತಿದ್ದರು. ನಾನು ತಟ್ಟೆ ನೋಡುತ್ತ ಕೂತೆ.

ಸೋಮವಾರ ಅತ್ತಿಗೆ ಮೇಣದ ಮೇಜಿಗೆ ವಾಪಸು ಹೋದರು. ಯಾರೂ ಕಳಿಸಲಿಲ್ಲ, ತಾವಾಗಿಯೇ ಹೋದರು. ಕಂಪ್ಯೂಟರಿನ ಪಕ್ಕ ಹಾದುಹೋಗುವಾಗ ಕೈಗಳನ್ನು ಹೊಟ್ಟೆಗೆ ಅವಚಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ದೀಪದ ಸ್ವಿಚ್ ಹಾಕಲೂ "ನೀನೇ ಹಾಕೇ" ಎನ್ನುವುದು ಶುರುವಾಯಿತು. ಮೂರನೆಯ ವಾರ ಯಜಮಾನರು ಮೇಣದ ಕೆಲಸ ಈ ತಿಂಗಳಿಗೆ ಸಾಕು, ಇನ್ನು ಎಲ್ಲ ಪರದೆಯ ಮೇಲೇ ಎಂದರು. ಅತ್ತಿಗೆ "ಹಾಗಾದ್ರೆ ಶನಿವಾರಕ್ಕೆ ನಾನೂ ನಿಲ್ಲಿಸ್ತೀನಿ" ಎಂದರು.

ಶುಕ್ರವಾರ ಸಂಜೆ ಜೊತೆಯಲ್ಲಿ ಮನೆಗೆ ನಡೆಯುವಾಗ ನಾನು ಬಾಯಿ ತೆರೆದೆ. ಪೂರ್ತಿಯಾಗಿ ಅಲ್ಲ. ಅರ್ಧ ಬಾಗಿಲು ತೆರೆದು ನೋಡುವವರ ಹಾಗೆ.

"ಅತ್ತಿಗೆ, ಅವತ್ತು ಅದು ಪ್ಲಗ್ ಕಿತ್ತಿದ್ದಕ್ಕೆ ಆಗಿದ್ದಲ್ಲ."

"ಹೂಂ."

"ನಿಜವಾಗ್ಲೂ. ನಿಮ್ಮ ತಪ್ಪೇ ಇರಲಿಲ್ಲ."

ಅವರು ನಿಂತು ನನ್ನ ತೋಳು ಸವರಿದರು. "ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡ ಕಣೇ. ನಿನ್ನ ಮನಸ್ಸು ನಂಗೆ ಗೊತ್ತಿಲ್ವಾ? ನನ್ನ ಕೈಗುಣ ನಂಗೂ ಗೊತ್ತು."

ಆ ಸವರಿದ ಜಾಗ ಮನೆ ಮುಟ್ಟುವವರೆಗೂ ಉರಿಯುತ್ತಿತ್ತು. ಹೇಳಿದರೆ ನಂಬುವ ಕಾಲ ಮುಗಿದುಹೋಗಿತ್ತು, ಇನ್ನು ತೋರಿಸಲೇಬೇಕಿತ್ತು. ಅವರು ಬೈಸಿಕೊಂಡದ್ದು ಎಲ್ಲರೆದುರು, ತೋರಿಸುವುದೂ ಎಲ್ಲರೆದುರೇ ಆಗಬೇಕಿತ್ತು.

ಶನಿವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲರನ್ನೂ ಕಂಪ್ಯೂಟರಿನ ಬಳಿ ಕರೆದೆ. "ಐದು ನಿಮಿಷ, ಸಾರ್" ಎಂದೆ. ಪರದೆಯ ಮೇಲೆ ಒಂದು ದವಡೆಹಲ್ಲು ನಿಧಾನಕ್ಕೆ ತಿರುಗುತ್ತಿತ್ತು. ನಾನು ಬಗ್ಗಿ ಪ್ಲಗ್ ಕಿತ್ತೆ.

"ಅಯ್ಯಯ್ಯೋ!" ಎಂದ ಪಿಂಗಾಣಿ. "ಇದು ಮನೆತನದ ಗುಣವೇನಮ್ಮಾ?"

"ನೋಡ್ತಿರಿ" ಎಂದೆ. ಪ್ಲಗ್ ಮತ್ತೆ ಹಾಕಿ ಬಟನ್ ಒತ್ತಿದೆ. ಎರಡು ನಿಮಿಷ ಕಳೆಯಿತು. ಪರದೆ ಬೆಳಗಿತು, ದವಡೆಹಲ್ಲು ಬಂತು.

"ಕಿತ್ತರೆ ಇದಕ್ಕೆ ಏನೂ ಆಗಲಿಲ್ಲ. ಈಗ ಇನ್ನೊಂದು ನೋಡಿ." ಚೀಟಿ ತೆರೆದೆ. ಆ ಮಂಗಳವಾರ ಬರೆದಿದ್ದ ಸಾಲನ್ನೇ ಮತ್ತೆ ಬರೆದೆ. ಕಂಪ್ಯೂಟರನ್ನು ಪಾಠದಲ್ಲಿ ಹೇಳುವ ಹಾಗೆ, ನಿಯಮದ ಪ್ರಕಾರ ಆರಿಸಿದೆ. ಮತ್ತೆ ಹಚ್ಚಿದೆ.

ಕಪ್ಪು ಪರದೆ. ಬಿಳಿ ಅಕ್ಷರ. ಮಿನುಗುವ ಗೀಟು.

"ಅವತ್ತು ಆಗಿದ್ದು ಇದು" ಎಂದೆ. "ಈ ಸಾಲು ಬರೆದವಳು ನಾನು, ಮಂಗಳವಾರ. ಅತ್ತಿಗೆ ಪ್ಲಗ್ ಕಿತ್ತಿದ್ದು ಗುರುವಾರ. ನೀವು ಆರಿಸಿದ್ರೂ ಹೀಗೇ ಆಗ್ತಿತ್ತು ಸಾರ್, ಪಿಂಗಾಣಿ ಆರಿಸಿದ್ರೂ ಹೀಗೇ. ಪರೀಕ್ಷೆ ಮಾಡದೆ ಹೋದವಳು ನಾನು."

ಯಜಮಾನರು ಚಹಾದ ಲೋಟ ಕೆಳಗಿಟ್ಟರು. "ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಸರಿ ಮಾಡುವಾಗಲೇ. ಗೊತ್ತಾಗಬಾರದು ಅಂತ ನನ್ನ ಟಿಪ್ಪಣಿ ಅಳಿಸಿದೆ."

ಹೊತ್ತಾಯಿತೆಂದು ಕುಲುಮೆ ಪೀಂ ಎಂದು ಕೂಗಿತು. ಪಿಂಗಾಣಿ ಅದರ ಕಡೆ ಹೋದದ್ದು ಓಡಿಹೋದ ಹಾಗಿತ್ತು.

ಅತ್ತಿಗೆ ಬೆರಳಿಗೆ ಅಂಟಿದ ಮೇಣವನ್ನು ಉಗುರಿನಿಂದ ಬಿಡಿಸುತ್ತ ನಿಂತಿದ್ದರು. ಒಂದೊಂದೇ ಬೆರಳು. ಹತ್ತೂ ಬೆರಳು ಮುಗಿದ ಮೇಲೆ ಕೇಳಿದರು.

"ಅಂದ್ರೆ ಹುಷಾರಾಗಿರಿ ಅತ್ತಿಗೆ ಅಂದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಸಂಜೆ ನಿಮ್ಮಣ್ಣ ನಕ್ಕಾಗ?"

"ಆಗಲೂ."

"ಇಪ್ಪತ್ತೆರಡು ದಿನ ನಿಂಗೆ ಬಡಿಸಿದೀನಿ" ಎಂದರು. ಅವರೂ ಎಣಿಸಿದ್ದರು. ನಾನು ಎಣಿಸಿದ್ದು ಬಾಯಿ ಬಿಡದ ದಿನ, ಅವರು ಎಣಿಸಿದ್ದು ತಲೆ ತಗ್ಗಿಸಿದ ದಿನ.

ಅವರು ಕುರ್ಚಿ ಎಳೆದುಕೊಂಡು ಕೂತರು. "ಏಳು. ಸರಿ ಮಾಡೋದು ಹೇಗೆ ಹೇಳು. ನೀನು ಮುಟ್ಟಬೇಡ."

ನಾನು ಹಿಂದೆ ನಿಂತು ಹೇಳಿಕೊಟ್ಟೆ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಅವರು ಬರೆದರು. ಹಳೆಯ ವಿಳಾಸ ಬರೆದರು.

"ಇದೇನು, ಚುಕ್ಕೆ ಕೆಳಗೆ ಬಾಲ?"

"ಸೆಮಿಕೋಲನ್. ಹಿಂದೆ ಇರೋ ಕೋಣೆಯಲ್ಲೂ ಹುಡುಕು, ಮುಂದೆ ಇರೋದರಲ್ಲೂ ಹುಡುಕು ಅಂತ."

"ಇಷ್ಟೇನಾ? ಇದನ್ನೊಂದು ಹಾಕೋಕೆ ನಿಂಗೆ ಏನಾಗಿತ್ತು?"

ಅವರು ಹೊಸ ವಿಳಾಸವನ್ನೂ ಬರೆದರು. ಆಮೇಲೆ, "ಮೇಲೆ ಒಂದು ಟಿಪ್ಪಣಿ ಬರೀತೀಯಲ್ಲ, ಅದು ಎಲ್ಲಿ ಬರೀಬೇಕು?" ಎಂದರು. ತೋರಿಸಿದೆ. ತಾರೀಕು ಹಾಕಿದರು. ಏನು ಬರೆಯುತ್ತಾರೋ ಎಂದು ನಾನು ಬಗ್ಗಿ ನೋಡಿದೆ. "ನಾದಿನಿ ತೆಗೆದದ್ದನ್ನು ಮತ್ತೆ ಹಾಕಿದೆ" ಎಂದು ಬರೆದರು. ಅಷ್ಟೇ. ಬಟನ್ ಒತ್ತಿ ಕೈಕಟ್ಟಿ ಕೂತರು. ಪರದೆ ಬೆಳಗಿತು, ಅವರ ಮುಖದ ಮೇಲೆ ಆ ಬೆಳಕು ಬಿತ್ತು. ದವಡೆಹಲ್ಲನ್ನು ಒಮ್ಮೆ ತಿರುಗಿಸಿ ನೋಡಿ, "ಇದರ ಅಂಚು ಯಾರು ಉಜ್ಜಿದ್ದು? ಅಗಿದ್ರೆ ನಾಲಿಗೆ ಕುಯ್ಯುತ್ತೆ" ಎಂದು ಕೆಲಸ ಶುರು ಮಾಡಿದರು. ಯಜಮಾನರು, "ಸೋಮವಾರ ಬರ್ತೀರಲ್ಲಮ್ಮಾ?" ಎಂದು ಮೆತ್ತಗೆ ಕೇಳಿದರು. ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ ಹೂಂ ಎಂದರು.

ಶನಿವಾರ ನಮಗೆ ಅರ್ಧ ದಿನ. ಮನೆಗೆ ನಡೆಯುವಾಗ ಅತ್ತಿಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಗೇಟಿನ ಹತ್ತಿರ ತಿರುಗಿ, "ನಿಮ್ಮಣ್ಣನಿಗೆ ನೀನೇ ಹೇಳಬೇಕು" ಎಂದು ಒಳಗೆ ಹೋದರು.

ಊಟಕ್ಕೆ ಕೂತಾಗ ಹೇಳಿದೆ. ಅಣ್ಣ ಪೇಪರ್ ಓದುತ್ತಲೇ ಕೇಳಿಸಿಕೊಂಡ. "ಹೋಗ್ಲಿ ಬಿಡೇ" ಎಂದ. "ಯಾರು ಮಾಡಿದ್ರೇನು, ಈಗ ಸರಿಯಾಯ್ತಲ್ಲ."

"ನಾನು ಮಾಡಿದ್ದು ಅಂದಾಗ ಯಾರು ಮಾಡಿದ್ರೇನು ಅಂತ ನೀವು ಅನ್ನಲಿಲ್ಲ" ಎಂದರು ಅತ್ತಿಗೆ. ದನಿ ಏರಿರಲಿಲ್ಲ.

"ಅಯ್ಯೋ, ತಮಾಷೆಗೆ ಅಂದೆ ಮಾರಾಯ್ತಿ. ರೇಡಿಯೋ ಕೆಡಿಸಿದವಳು ಅಂತ ಒಂದು ಮಾತು..."

"ರೇಡಿಯೋ ಕೆಟ್ಟಿದ್ದು ನಿನ್ನಿಂದ, ಅಣ್ಣ" ಎಂದೆ.

ಪೇಪರ್ ಕೆಳಗಿಳಿಯಿತು.

"ಅದು ನಿಲ್ಲೋ ಮುಂಚಿನ ದಿನ ನೀನು ಹಿಂದಿನ ಕೋಣೇಲಿ ಅದರ ಬೆನ್ನು ಬಿಚ್ಚಿಟ್ಟುಕೊಂಡು ಕೂತಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದೆ. ನೋಡಿದೀನಿ."

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅತ್ತಿಗೆ ಅವನ ಕಡೆ ನೋಡಬಹುದು ಎಂದುಕೊಂಡಿದ್ದೆ. ಅವರು ನೋಡಿದ್ದು ನನ್ನ ಕಡೆ.

"ಅದೂ ಗೊತ್ತಿತ್ತಾ ನಿಂಗೆ?" ಎಂದರು. "ಅಷ್ಟು ವರ್ಷದಿಂದ?"

ನಾನು ತಲೆಯಾಡಿಸಿದೆ.

ಅತ್ತಿಗೆ ತಮ್ಮ ತಟ್ಟೆಗೆ ಬಡಿಸಿಕೊಂಡರು. ಅಣ್ಣನ ತಟ್ಟೆಗೂ ನನ್ನ ತಟ್ಟೆಗೂ ಬಡಿಸಲಿಲ್ಲ. ಸೌಟನ್ನು ಪಾತ್ರೆಯೊಳಗೆ ಇಟ್ಟು, ಪಾತ್ರೆಯನ್ನು ನಮ್ಮಿಬ್ಬರ ನಡುವೆ ತಳ್ಳಿ, "ಬಡಿಸ್ಕೊಳ್ಳಿ" ಎಂದು ಊಟಕ್ಕೆ ತೊಡಗಿದರು.

ಹದಿನೇಳು ವರ್ಷದಲ್ಲಿ ಮೊದಲ ಸಲ ನಾನು ಆ ಸೌಟನ್ನು ಕೈಗೆ ತೆಗೆದುಕೊಂಡೆ. ಅದರ ಹಿಡಿ ಇನ್ನೂ ಬೆಚ್ಚಗಿತ್ತು.